ಅತ್ತಿಹಣ್ಣು ತಿನ್ನುವ ಮೀನು

ಆಲಂಕಾರು
೨೬ ಮೇ ೧೯೬೧, ಶುಕ್ರವಾರ

ತೀರ್ಥರಾಮರಿಗೆ ದಮಯಂತಿಯ ನಮಸ್ಕಾರಗಳು.

ಮದುವೆಯಾದಂದಿನಿಂದ ನಿಮ್ಮ ಹೆಸರನ್ನು ನಾನು ಬಾಯಲ್ಲಿ ಹೇಳಿದವಳಲ್ಲ, ಎಲ್ಲಿಯೂ ಬರೆದವಳೂ ಅಲ್ಲ. ಈಗ ಬರೆಯಬಹುದು. ನಿಮ್ಮ ಉತ್ತರಕ್ರಿಯೆಯ ಬೊಜ್ಜ ಕಳೆದ ಸೋಮವಾರ ಮುಗಿಯಿತು. ತೀರಿಹೋದ ಗಂಡನ ಹೆಸರನ್ನು ಹೆಂಡತಿ ಹೇಳಿದರೆ ಯಾರೂ ತಪ್ಪು ಹಿಡಿಯುವುದಿಲ್ಲ. ಮೇಲಿನ ಸಾಲಿನಲ್ಲಿ ಅದನ್ನು ಬರೆದು ಸ್ವಲ್ಪ ಹೊತ್ತು ನೋಡಿದೆ. ನನ್ನ ಅಕ್ಷರದಲ್ಲಿ ಅದು ಬೇರೆ ಯಾರದೋ ಹೆಸರಿನ ಹಾಗೆ ಕಾಣಿಸುತ್ತದೆ.

ಇಲ್ಲಿ ಅತ್ತೆ ಮಾವ ಕ್ಷೇಮ. ನೀವು ಅಲ್ಲಿ ಕ್ಷೇಮವೆಂದು ಮೂಸಕುಂಞಿ ಬ್ಯಾರಿ ಹೇಳಿದ್ದಾರೆ, ಆದ್ದರಿಂದ ಕೇಳುವುದಿಲ್ಲ.

ಅವರನ್ನು ಬೈಯಬೇಡಿ. ಅವರು ಸುದ್ದಿ ಹುಡುಕಿಕೊಂಡು ಬಂದವರಲ್ಲ. ಒಣಮೀನಿನ ಲಾರಿಯಲ್ಲಿ ಮಡಿಕೇರಿಗೆ ಹೋಗುವಾಗ ಸಂಪಾಜೆಯಲ್ಲಿ ಚಾ ಕುಡಿಯಲು ಇಳಿದರಂತೆ, ಲೋಟ ತಂದಿಟ್ಟವರು ನೀವು. ಬಿಸು ಹಬ್ಬ ಕಳೆದ ಮರುವಾರ ನಮ್ಮ ಅಂಗಳದಲ್ಲಿ ನಿಂತು, ಅಡಿಕೆಯ ಗೋಣಿಗೆ ಕೈ ಹಾಕಿ ನೋಡುತ್ತಾ, ನನ್ನ ಮುಖ ನೋಡದೆ ಹೇಳಿದರು: "ಅಕ್ಕಾ, ಗಡ್ಡ ಉಂಟು, ಮೈ ಬಂದಿದೆ. ಆದ್ರೂ ಲೋಟ ಇಡುವಾಗ ಕಿರುಬೆರಳು ಎತ್ತುದು ಉಂಟಲ್ಲ, ಅದು ಎಲ್ಲಿ ಹೋಗ್ತದೆ? ಸೊಂಟದಲ್ಲಿ ಒಂದು ಮಗು ಇತ್ತು. ನಾನು ಬಾಯಿ ಬಿಡುವ ಮೊದ್ಲೇ ಅವ್ರೇ ಕೇಳಿದ್ರು."

ಏನು ಕೇಳಿದರು ಎಂದೆ.

"ದೋಣಿ ಉಂಟಾ ಅಂತ ಕೇಳಿದ್ರು. ಮತ್ತೆ ಎಂತದೂ ಕೇಳ್ಲಿಲ್ಲ, ಅಲ್ಲಾಹುವಿನಾಣೆ."

ಅಮ್ಮ ಇದ್ದಾರೆಯೇ ಎಂದು ಕೇಳಬಹುದಿತ್ತು. ಅಪ್ಪನ ಮಂಡಿನೋವಿನ ಬಗ್ಗೆ ಕೇಳಬಹುದಿತ್ತು. ನನ್ನ ಬಗ್ಗೆ ಕೇಳಲು ನಿಮಗೆ ಬಾಯಿ ಬಂದಿರಲಾರದು, ಅದು ನನಗೆ ಅರ್ಥವಾಗುತ್ತದೆ. ನೀವು ಕೇಳಿದ್ದು ದೋಣಿಯ ಬಗ್ಗೆ. ಹಾಗಾಗಿ ನಾನೂ ದೋಣಿಯ ವಿಷಯವನ್ನೇ ಬರೆಯುತ್ತೇನೆ.

ದೋಣಿ ಇತ್ತು. ಈ ತಿಂಗಳವರೆಗೆ ಇತ್ತು.

ನೀವು ಹೋದ ಆ ಆಟಿ ತಿಂಗಳ ಮಳೆಯ ಬೆಳಿಗ್ಗೆ ಅದು ಕೆಳಗಿನ ಬಂಡೆಯ ಸಂದಿಯಲ್ಲಿ ಮಗುಚಿಕೊಂಡು ಸಿಕ್ಕಿತು. ಹೊಳೆ ಅಂದು ದಡ ಮೀರಿತ್ತು. ನಿಮ್ಮ ಚಿಕ್ಕಪ್ಪ ಡೊಂಬಯ್ಯ ಮಾವ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಅದನ್ನು ಎಳೆದು ತಂದರು. ಊರಿನವರು ಬಿದಿರಿನ ಗಳು ಹಿಡಿದು ಎರಡೂ ದಡಗಳಲ್ಲಿ ನಡೆದರು. ಅಷ್ಟು ನೀರಿನಲ್ಲಿ ಹುಡುಕುವುದೆಂದರೆ ಹುಡುಕಿದೆವು ಎಂದು ಹೇಳಿಕೊಳ್ಳಲಿಕ್ಕೆ ಮಾತ್ರ, ಅದು ಎಲ್ಲರಿಗೂ ಗೊತ್ತಿತ್ತು. ನೀರು ಇಳಿದ ಮೇಲೆ ಮತ್ತೆ ಹುಡುಕಿದರು. ಹೆಣವಿಲ್ಲ, ಬಟ್ಟೆಯಿಲ್ಲ, ತಲೆಯ ಮುಟ್ಟಾಳೆ ಕೂಡ ಇಲ್ಲ.

ಬೊಜ್ಜ ಮಾಡಬೇಕೆಂದು ಬಂಧುಗಳು ಹೇಳಿದಾಗ ಅತ್ತೆ ಒಪ್ಪಲಿಲ್ಲ. ನಿಮ್ಮ ಅಮ್ಮನ ಹಟ ನಿಮಗೆ ಗೊತ್ತಲ್ಲ. ಜಗಲಿಯಲ್ಲಿ ಕುಳಿತಿದ್ದ ಗಂಡಸರ ಮುಂದೆ ಬಂದು ನಿಂತರು. "ಹೆಣ ತೋರ್ಸಿ. ಇಲ್ಲ ಅವನ ಮೈಮೇಲಿದ್ದ ಒಂದು ಗುರ್ತು ತೋರ್ಸಿ. ಎರಡೂ ಇಲ್ಲದೆ ನನ್ನ ಮಗನ ಹೆಸರಲ್ಲಿ ನೀರು ಬಿಡ್ಲಿಕ್ಕೆ ಬಂದವ್ರು ಬಂದ ದಾರಿ ಹಿಡೀಬಹುದು." ಬಂದವರು ಬಂದ ದಾರಿ ಹಿಡಿದರು. ಅಂದಿನಿಂದ ದಿನವೂ ಸಂಜೆಯ ಊಟಕ್ಕೆ ನಿಮ್ಮ ಜಾಗದಲ್ಲಿ ಒಂದು ಬಾಳೆಲೆ ಹಾಕಿ, ಅನ್ನ ಬಡಿಸಿ, ಇನ್ನೊಂದು ಎಲೆ ಮುಚ್ಚಿಡುತ್ತಿದ್ದರು. ಬೆಳಿಗ್ಗೆ ಅದು ದನಕ್ಕೆ. ನಾನು ಆ ಎಲೆಯ ಪಕ್ಕದಲ್ಲಿ ಕುಳಿತು ಉಣ್ಣುತ್ತಿದ್ದೆ. ಕುತ್ತಿಗೆಯಲ್ಲಿ ಕರಿಮಣಿ ಇತ್ತು, ಕೈಯಲ್ಲಿ ಬಳೆ ಇತ್ತು. ಮದುವೆಮನೆಗಳಿಗೆ ಮಾತ್ರ ಕರೆಯುತ್ತಿರಲಿಲ್ಲ. ಗಂಡ ಸತ್ತವಳನ್ನು ಎಲ್ಲಿ ಕೂರಿಸಬೇಕು, ಗಂಡ ಇರುವವಳನ್ನು ಎಲ್ಲಿ ಕೂರಿಸಬೇಕು ಎಂಬುದಕ್ಕೆ ಕ್ರಮ ಉಂಟು. ನನ್ನಂಥವಳಿಗೆ ಇಲ್ಲ.

ಮಾವ ದೋಣಿಯನ್ನು ಒಣಗಿಸಿ, ತಳಕ್ಕೆ ಗೇರೆಣ್ಣೆ ಬಳಿದು, ಹೊಳೆಗೆ ಇಳಿಸಿದರು. ಕಡಿದು ಬಿಸಾಡು ಎಂದವರೇ ಹೆಚ್ಚು. ಮನೆಯ ಮಗನನ್ನು ಕೊಂದ ದೋಣಿಯಲ್ಲಿ ಅಪ್ಪ ಕೂರುವುದೆಂದರೆ ನೋಡಿದವರಿಗೆ ಹೇಗಾಗಬೇಡ. ಹೆಬ್ಬಲಸಿನ ಒಂದೇ ಮರ ಕೆತ್ತಿದ, ಒಬ್ಬ ಕೂತರೆ ಇನ್ನೊಬ್ಬನ ಕಾಲಿಗೆ ಜಾಗವಿಲ್ಲದ ದೋಣಿ ಅದು. ಕೂತವನು ಹಿಂದೆ ತಿರುಗಿ ನೋಡಲು ಹೊರಟರೆ ಸಾಕು, ಮಗುಚುತ್ತದೆ. ಅದರಲ್ಲಿ ಒಂದು ಗಾಳ, ಒಂದು ಬುಟ್ಟಿ, ಒಂದು ಕತ್ತಿ ಇಟ್ಟುಕೊಂಡು ಮಾವ ದಿನವೂ ಕಯಕ್ಕೆ ಹೋಗತೊಡಗಿದರು. ಹೊಳೆ ತಿರುಗುವಲ್ಲಿರುವ ಆ ಆಳದ ಗುಂಡಿಯಲ್ಲಿಯೇ ನೀವು ಇದ್ದೀರಿ ಎಂದು ಊರಿನ ಲೆಕ್ಕ.

ಹೊಳೆ ಒಬ್ಬನನ್ನು ತೆಗೆದುಕೊಂಡ ಮನೆಯಲ್ಲಿ ಬೊಜ್ಜ ಆಗುವವರೆಗೆ ಆ ಹೊಳೆಯ ಮೀನು ತಿನ್ನುವುದಿಲ್ಲ. ಹಾಗಿರುವಾಗ ಇವರು ಯಾಕೆ ಮೀನು ಹಿಡಿಯುತ್ತಾರೆಂದು ನನಗೆ ಮೊದಲು ತಿಳಿಯಲಿಲ್ಲ. ಅತ್ತೆಗೆ ತಿಳಿದಿತ್ತು. ಅವರು ಗುರುತು ಕೇಳಿದ್ದರು, ಮಾವ ಗುರುತು ತರಲು ಹೋಗುತ್ತಿದ್ದರು.

ನೀವು ಹೊಳೆಯ ಪಕ್ಕದಲ್ಲೇ ಬೆಳೆದರೂ ಗಾಳ ಹಿಡಿದವರಲ್ಲ. ಒಂದು ಮೀನನ್ನು ಆರಿಸುವುದೆಂದರೆ ಏನೆಂದು ನಾನು ನಿಮ್ಮ ಅಪ್ಪನನ್ನು ನೋಡಿ ಕಲಿತೆ. ಬಲೆ ಬೀಸುವವನಿಗೆ ಆರಿಸುವ ಕೆಲಸವಿಲ್ಲ, ಬಿದ್ದದ್ದು ಅವನದ್ದು. ಒಬ್ಬನೇ ಕೂರುವ ದೋಣಿಯಲ್ಲಿ ಗಾಳ ಹಿಡಿದು ಹೋಗುವವನು ಮೊದಲೇ ಒಂದನ್ನು ಗೊತ್ತು ಮಾಡಿಕೊಳ್ಳಬೇಕು. ಯಾವ ಮೀನು ಎಂಬುದರ ಮೇಲೆ ಗಾಳದ ಗಾತ್ರ, ನೂಲಿನ ದಪ್ಪ, ಎರೆ, ಹೊತ್ತು, ದೋಣಿ ನಿಲ್ಲಿಸುವ ಜಾಗ ಎಲ್ಲ ನಿಂತಿದೆ. "ದೋಣಿಗೆ ಇಳಿದ ಮೇಲೆ ಯೋಚನೆ ಮಾಡುದಲ್ಲ ಮಗಳೇ. ಯಾವುದು ಬೇಕು ಅಂತ ಈ ಅಂಗಳದಲ್ಲೇ ಗೊತ್ತಿರ್ಬೇಕು," ಎಂದು ಒಮ್ಮೆ ಹೇಳಿದರು. ಆ ವಿಷಯದಲ್ಲಿ ಅವರು ನನ್ನೊಡನೆ ಆಡಿದ್ದು ಹೆಚ್ಚೆಂದರೆ ಅಷ್ಟೆ.

ಅವರು ಆರಿಸಿದ್ದು ಹೆಣ ತಿನ್ನುವ ಮೀನುಗಳನ್ನು. ಇದನ್ನು ಬರೆಯುವಾಗ ನನಗೆ ಏನೂ ಅನ್ನಿಸುವುದಿಲ್ಲ, ಅಷ್ಟು ಅಭ್ಯಾಸವಾಗಿದೆ. ಮೊದಲ ವರ್ಷ ಕೆಸರಿನ ಮುಗುಡು ಮತ್ತು ಹಾವುಮೀನು. ಆಮೇಲೆ ಕಯದ ತಳದಲ್ಲಿ ಮಲಗುವ ಬಾಳೆಮೀನು, ನಿಮ್ಮ ತೋಳಿನಷ್ಟು ದಪ್ಪದ್ದು, ಬಾಯಿ ತೆರೆದರೆ ಕೋಳಿ ಹೋಗುವಂಥದ್ದು. ಎರೆಗೆ ಕೋಳಿಯ ಕರುಳನ್ನು ಮಡಕೆಯಲ್ಲಿ ಕೊಳೆಸಿ ಇಡುತ್ತಿದ್ದರು. ಆ ಮಡಕೆಯನ್ನು ದನದ ಹಟ್ಟಿಯ ಹಿಂದೆ ಹೂತಿಟ್ಟರೂ ಗಾಳಿ ತಿರುಗಿದ ದಿನ ಮನೆಯೊಳಗೆ ಗೊತ್ತಾಗುತ್ತಿತ್ತು. ಡೊಂಬಯ್ಯ ಮಾವ ಹೊಳೆ ದಾಟುವ ಕಡವಿನಲ್ಲಿ ಎಲ್ಲರ ಎದುರೇ ಅಣ್ಣನಿಗೆ ಹೇಳಿದರಂತೆ: "ಇಷ್ಟು ಕೊಳೆತದ್ದು ಹಾಕಿದ್ರೆ ಮೀನೆಲ್ಲ ಉಪ್ಪಿನಂಗಡಿಗೆ ಇಳಿದು ಹೋದಾವು ಮಾರಾಯ. ಅಲ್ಲಿಯವ್ರು ನಿನಗೆ ಸನ್ಮಾನ ಮಾಡಿಯಾರು." ಜನ ನಕ್ಕರು. ಮಾವನೂ ನಕ್ಕರಂತೆ. ನಗಬೇಕಾದ ಕಡೆ ನಗುವುದನ್ನು ಅವರು ಬಿಟ್ಟಿರಲಿಲ್ಲ.

ತಂದ ಮೀನನ್ನು ಅತ್ತೆ ಕೊಯ್ಯುತ್ತಿದ್ದರು. ಹಿತ್ತಿಲಿನ ಕಲ್ಲಿನ ಮೇಲೆ ಮಣೆಗತ್ತಿ ಇಟ್ಟುಕೊಂಡು, ಹೊಟ್ಟೆ ಸೀಳಿ, ಚೀಲವನ್ನು ಬೆರಳಿನಲ್ಲಿ ಹಿಸುಕಿ ನೋಡುತ್ತಿದ್ದರು. ನೋಡಿ, ಇಲ್ಲ ಎನ್ನುತ್ತಿದ್ದರು. ಆ 'ಇಲ್ಲ'ದಲ್ಲಿ ದುಃಖ ಇರುತ್ತಿತ್ತೋ ಸಮಾಧಾನ ಇರುತ್ತಿತ್ತೋ ನನಗೆ ಇಷ್ಟು ವರ್ಷಗಳಲ್ಲಿಯೂ ಗೊತ್ತಾಗಲಿಲ್ಲ. ಆಮೇಲೆ ಮಾವ ಆ ಮೀನನ್ನು ತೆಂಗಿನ ಬುಡದಲ್ಲಿ ಹೂಳುತ್ತಿದ್ದರು. ಆ ಸಾಲಿನ ತೆಂಗುಗಳು ಊರಿನಲ್ಲಿ ಎಲ್ಲೂ ಇಲ್ಲದ ಹಾಗೆ ಕಾಯಿ ಬಿಟ್ಟವು. ಅವನ್ನು ಅತ್ತೆ ಮನೆಯ ಅಡಿಗೆಗೆ ಬಳಸಲಿಲ್ಲ, ಎಲ್ಲ ಪುತ್ತೂರಿಗೆ ಹೋಯಿತು.

ಹೀಗೆ ಏಳು ಮಳೆಗಾಲ ಕಳೆಯಿತು. ಏಳು ವರ್ಷ ನೀರಿನಲ್ಲಿದ್ದದ್ದು ಮೀನಿನ ಹೊಟ್ಟೆಯಲ್ಲಿ ಸಿಕ್ಕೀತು ಎಂದು ಯಾರಾದರೂ ನಂಬುತ್ತಾರೆಯೇ ಎಂದು ನೀವು ಕೇಳಬಹುದು. ನಂಬುವುದು ಬೇರೆ, ಬೆಳಿಗ್ಗೆ ಎದ್ದು ದೋಣಿ ತಳ್ಳುವುದು ಬೇರೆ.

ಕಳೆದ ದೀಪಾವಳಿಗೆ ಪೆರಾಬೆಯ ಚನಿಯಪ್ಪ ಮನೆಗೆ ಬಂದರು. ಅವರ ಹೆಂಡತಿ ಬಾಣಂತನದಲ್ಲಿ ತೀರಿಹೋದ ವಿಷಯ ನಿಮಗೆ ತಿಳಿದಿರಲಿಕ್ಕಿಲ್ಲ. ಜಗಲಿಯಲ್ಲಿ ಕುಳಿತು, ಕೊಟ್ಟ ಬೆಲ್ಲ ನೀರು ಕುಡಿದು, ನನಗೆ ಕೇಳಿಸುವ ಹಾಗೆಯೇ ಮಾವನೊಡನೆ ಮಾತಾಡಿದರು. "ನಾನು ಸುತ್ತಿ ಬಳಸಿ ಹೇಳುವವ ಅಲ್ಲ ಬೋಜಪ್ಪಣ್ಣ. ನಿಮ್ಮ ಸೊಸೆಯನ್ನು ಕೂಡಿಕೆ ಮಾಡಿಕೊಡುದಾದ್ರೆ ನಾನು ಸಿದ್ಧ ಉಂಟು. ಆದ್ರೆ ಬೊಜ್ಜ ಆಗದೆ ಆಗುದಿಲ್ಲ. ಈ ಮಳೆ ಹಿಡಿಯುವವರೆಗೆ ಕಾಯ್ತೇನೆ. ಮತ್ತೆ ಬೇರೆ ನೋಡ್ಬೇಕು. ಮನೆಯಲ್ಲಿ ಬೆಂಕಿ ಹಚ್ಚಲಿಕ್ಕೆ ಜನ ಇಲ್ಲ."

ಆ ಮಾತು ನನಗೆ ಹಿಡಿಸಿತು. ನಿಮಗೆ ಇದು ಬೇಸರವಾಗಬಹುದು, ಆದರೂ ಬರೆಯುತ್ತೇನೆ. ಬೆಂಕಿ ಹಚ್ಚಲಿಕ್ಕೆ ಜನ ಇಲ್ಲ ಎಂದರೆ ಬೆಂಕಿ ಹಚ್ಚಬೇಕಾದ ಒಂದು ಒಲೆ ಉಂಟು ಎಂದು ಅರ್ಥ. ಇಲ್ಲಿ ನಾನು ಕೂತದ್ದು ಮುಚ್ಚಿದ ಎಲೆಯ ಪಕ್ಕ. ನನಗೆ ಮೂವತ್ತು ದಾಟಿದೆ.

ಅತ್ತೆ ಒಳಗಿನಿಂದಲೇ, "ಗುರ್ತು ಸಿಗ್ಲಿ, ಮತ್ತೆ ನೋಡುವ" ಎಂದರು. ಚನಿಯಪ್ಪ ಎದ್ದು ಹೋದರು. ಮಾವ ಮರುದಿನ ಎಂದಿನಂತೆ ಕರುಳಿನ ಮಡಕೆ ಹಿಡಿದು ಹೊಳೆಗೆ ಇಳಿದರು. ಚಳಿಗಾಲ ಹೋಯಿತು, ಸುಗ್ಗಿ ಹೋಯಿತು. ಇಲ್ಲ, ಇಲ್ಲ ಎಂದೇ ಹೋಯಿತು.

ಬಿಸು ಕಳೆದ ಮೇಲೆ ಮೂಸಕುಂಞಿ ಬ್ಯಾರಿ ಬಂದು ಅಂಗಳದಲ್ಲಿ ನಿಮ್ಮ ವಿಷಯ ಹೇಳಿದರಲ್ಲ, ಆಗ ಮಾವ ಹಟ್ಟಿಯ ಗೋಡೆಯ ಆಚೆ ಕುಳಿತು ನೂಲು ಹೊಸೆಯುತ್ತಿದ್ದರು. ಅವರಿಗೆ ಕೇಳಿಸಿತೋ ಇಲ್ಲವೋ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಬ್ಯಾರಿ ಹೋದ ಮೇಲೆ ನಾನು ಹಟ್ಟಿಯ ಕಡೆ ಹೋದಾಗ ನೂಲು ಅರ್ಧಕ್ಕೆ ನಿಂತಿತ್ತು. ತೊಡೆಯ ಮೇಲೆ ಅಂಗೈ ಇಟ್ಟುಕೊಂಡು ಕುಳಿತಿದ್ದರು. ಮರುದಿನ ಹೊಳೆಗೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಕೊಳೆತ ಕರುಳಿನ ಮಡಕೆಯನ್ನು ಅಗೆದು ತೆಗೆದು, ಒಡೆದು, ತೋಟದ ಕೊನೆಯಲ್ಲಿ ಹೂತರು. ಕೈಯನ್ನು ಬೂದಿ ಹಾಕಿ ತಿಕ್ಕಿ ತಿಕ್ಕಿ ತೊಳೆದರು.

ಒಂದು ಸಂಜೆ ನನ್ನನ್ನು ಕರೆದು, "ಮಗಳೇ, ಅತ್ತಿಹಣ್ಣು ಸ್ವಲ್ಪ ಹೆಕ್ಕಿ ತಾ. ಒಡೆದದ್ದು ಬೇಡ, ಗಟ್ಟಿ ಇರುವಂಥದ್ದು," ಎಂದರು.

ಅತ್ತಿಹಣ್ಣು ತಿನ್ನುವ ಮೀನು ಒಂದೇ. ಕಯದ ಮೇಲೆ ಬಾಗಿದ ಆ ಅತ್ತಿಮರದಿಂದ ಹಣ್ಣು ಬಿದ್ದ ಸದ್ದಿಗೆ ಮೇಲೆ ಬರುವ ಪೆರುವೋಳು. ದೇವಸ್ಥಾನದ ಗುಂಡಿಗಳಲ್ಲಿ ಜನ ಪುರಿ ಹಾಕುವುದು ಅದಕ್ಕೇ. ನಿಮ್ಮ ಮನೆಯಲ್ಲಿ ಅದನ್ನು ಹಿಡಿಯುವ ಪದ್ಧತಿಯಿಲ್ಲ. ನಿಮ್ಮ ಅಜ್ಜನ ಕಾಲದಲ್ಲಿಯೂ ಇರಲಿಲ್ಲವಂತೆ. ನಾನು ಮಡಿಲಿನಲ್ಲಿ ಹಣ್ಣು ತಂದು ಅವರ ಮುಂದೆ ಸುರಿದೆ. ಒಂದೊಂದನ್ನೇ ಬೆರಳಿನಲ್ಲಿ ತಿರುಗಿಸಿ ನೋಡಿ ಆರಿಸಿದರು. ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅವರು ಒಂದು ಉತ್ತರ ಹೇಳಬೇಕಾಗುತ್ತಿತ್ತು, ನಾನು ಅದನ್ನು ನಂಬಬೇಕಾಗುತ್ತಿತ್ತು.

ಪೆರುವೋಳು ಸುಲಭಕ್ಕೆ ಸಿಗುವುದಲ್ಲ. ದೋಣಿಯನ್ನು ಅತ್ತಿಯ ಬೇರಿಗೆ ಕಟ್ಟಿ, ಅಲ್ಲಾಡದೆ, ಕೆಮ್ಮದೆ ಕೂರುತ್ತಿದ್ದರು. ನಾನು ಬಟ್ಟೆ ಒಗೆಯುವ ಕಲ್ಲಿನಿಂದ ನೋಡುತ್ತಿದ್ದೆ; ನೀರಿನ ಮೇಲೆ ಒಂದು ಕೊರಡು ಬಿದ್ದ ಹಾಗೆ ಕಾಣಿಸುತ್ತಿದ್ದರು. ಬೆಳಿಗ್ಗೆ ಹೋಗಿ ಸಂಜೆ ಬರಿಗೈಯಲ್ಲಿ ಬರುತ್ತಿದ್ದರು. ಅಷ್ಟರಲ್ಲಿ ಪಡುವಣದಲ್ಲಿ ಮೋಡ ಕಟ್ಟಲು ಶುರುವಾಯಿತು. ಚನಿಯಪ್ಪ ಮತ್ತೆ ಕೇಳಿ ಕಳಿಸಿದರು. ಅತ್ತೆ ಅದೇ ಉತ್ತರ ಹೇಳಿ ಕಳಿಸಿದರು.

ಮೇ ತಿಂಗಳ ಮೊದಲ ಭಾನುವಾರ ಮೀನು ಸಿಕ್ಕಿತು. ಅದು ದೋಣಿಯನ್ನೇ ಎಳೆದುಕೊಂಡು ಹೋಯಿತಂತೆ, ಕಯದಿಂದ ಕೆಳಗಿನ ಬಂಡೆಯವರೆಗೆ. ಕಡವಿನಲ್ಲಿದ್ದವರು ಬೊಬ್ಬೆ ಹಾಕುತ್ತಾ ದಡದಲ್ಲಿ ಓಡಿದರು. ಡೊಂಬಯ್ಯ ಮಾವ, "ನೂಲು ಬಿಡು ಅಣ್ಣಾ, ಇನ್ನೊಂದು ಹೆಣ ಹುಡುಕ್ಲಿಕ್ಕೆ ನನಗೆ ಶಕ್ತಿ ಇಲ್ಲ ಮಾರಾಯಾ," ಎಂದು ಕಿರುಚಿದರಂತೆ. ಮಾವ ಬಿಡಲಿಲ್ಲ. ಬಂಡೆಯ ಹಿಂದೆ ನೀರು ತಿರುಗುವಲ್ಲಿ ದೋಣಿ ನಿಂತಿತು. ಅಲ್ಲಿ ಯಾರ ಕಣ್ಣಿಗೂ ಬೀಳದೆ ಅವರು ಸ್ವಲ್ಪ ಹೊತ್ತು ಇದ್ದರು. ಆಮೇಲೆ ಹುಟ್ಟು ಹಾಕುತ್ತಾ ಮೇಲೆ ಬಂದರು.

ಹೆಗಲ ಮೇಲೆ ಹೊತ್ತು ತಂದು ಹಿತ್ತಿಲ ಕಲ್ಲಿನ ಮೇಲೆ ಹಾಕಿದಾಗ ಬಾಲ ನೆಲಕ್ಕೆ ತಾಗುತ್ತಿತ್ತು. ಅಂಗೈಯಷ್ಟು ಅಗಲದ ಹುರುಪೆ, ಅಂಚಿಗೆ ಬಂಗಾರದ ಬಣ್ಣ. ಅಂಥ ಚಂದದ ಸತ್ತದ್ದನ್ನು ನಾನು ನೋಡಿರಲಿಲ್ಲ. ಮಾವನ ಬಲಗೈಯ ಒಂದು ಬೆರಳಿಗೆ ಪಂಚೆಯ ಚಿಂದಿ ಸುತ್ತಿತ್ತು, ರಕ್ತ ಒಸರಿತ್ತು. ಗಾಳ ತಾಗಿತು ಎಂದರು.

ಅತ್ತೆ ಮಣೆಗತ್ತಿ ತಂದು ಕುಳಿತರು. ಕಡವಿನಿಂದ ಬಂದವರೆಲ್ಲ ಸುತ್ತ ನಿಂತಿದ್ದರು. ಅತ್ತೆ ಹೊಟ್ಟೆ ಸೀಳಿದರು. ಪೆರುವೋಳಿಗೆ ಬಾಳೆಮೀನಿನ ಹಾಗೆ ಹೊಟ್ಟೆಯ ಚೀಲವಿಲ್ಲ. ಗಂಟಲಿನಿಂದ ಉದ್ದಕ್ಕೆ ಕರುಳು ಮಾತ್ರ. ಬಾಯಿಯಲ್ಲಿ ಹಲ್ಲಿಲ್ಲ, ಹಲ್ಲು ಇರುವುದು ಗಂಟಲಿನಲ್ಲಿ. ನುಂಗಿದ್ದೆಲ್ಲ, ಕಲ್ಲಿನಂಥ ಚಿಪ್ಪು ಕೂಡ, ಅಲ್ಲಿ ಅರೆದು ಹುಡಿಯಾಗಿಯೇ ಕೆಳಗೆ ಇಳಿಯಬೇಕು. ಇದು ನನಗೆ ಗೊತ್ತಾದದ್ದು ಆಮೇಲೆ. ಅಲ್ಲಿ ನಿಂತವರಿಗೆ ಮೊದಲೇ ಗೊತ್ತಿತ್ತು. ಹುಟ್ಟಿದಂದಿನಿಂದ ಮೀನು ಕೊಯ್ದ ನಿಮ್ಮ ಅಮ್ಮನಿಗೆ ಗೊತ್ತಿರಲಿಲ್ಲವೇ?

ಅವರ ಬೆರಳು ಗಂಟಲಿನ ಕೆಳಗೆ ನಿಂತಿತು. ಒಂದು ಉಂಗುರ ತೆಗೆದು ಅಂಗೈಯಲ್ಲಿ ಇಟ್ಟುಕೊಂಡರು. ಚಿನ್ನದ ಬಳ್ಳಿ ಉಂಗುರ. ನಮ್ಮ ಮದುವೆಗೆ ನನ್ನ ಅಪ್ಪ ಪುತ್ತೂರಿನ ಆಚಾರಿಯ ಹತ್ತಿರ, ಮಾವನ ಕೈಯ ಉಂಗುರವನ್ನು ಮಾದರಿ ಕೊಟ್ಟು ಮಾಡಿಸಿದ್ದರಲ್ಲ, ಅಂಥದ್ದೇ. ಬಳ್ಳಿ ನುಗ್ಗಾಗಿರಲಿಲ್ಲ. ಒಂದು ಗೀರು ಇರಲಿಲ್ಲ.

ಅತ್ತೆ ಬಹಳ ಹೊತ್ತು ಅದನ್ನು ನೋಡಿದರು. ಆಮೇಲೆ ತಲೆಯೆತ್ತಿ ಮಾವನನ್ನು ನೋಡಿದರು. ಮಾವ ಮೀನಿನ ಕಣ್ಣು ನೋಡುತ್ತಿದ್ದರು.

ಡೊಂಬಯ್ಯ ಮಾವನಿಗೆ ತಡೆಯಲಾಗಲಿಲ್ಲ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಮೀನಿನ ವಿಷಯ ಬಂದರೆ ಅವರ ಬಾಯಿ ನಿಲ್ಲುವುದಿಲ್ಲ. "ಅಲ್ಲ ಅತ್ತಿಗೇ, ಪೆರುವೋಳು ಅಂದ್ರೆ ಗುಳ್ಳೆಚಿಪ್ಪನ್ನೇ ಹುಡಿ ಮಾಡುವ ಜಾತಿ. ಇದು ಹೀಗೆ ಇಡಿಯಾಗಿ ಹೇಗೆ..."

"ನೀನು ಸುಮ್ನಿರು ಡೊಂಬಯ್ಯ," ಎಂದರು ಅತ್ತೆ. "ಮೀನು ಕೊಯ್ದದ್ದು ನಾನು."

ಅತ್ತೆ ಅಂಗೈಯನ್ನು ನನ್ನ ಕಡೆಗೆ ಚಾಚಿದರು. "ನೋಡು ದಮಯಂತಿ. ಕೊಟ್ಟವರು ನಿನ್ನ ಮನೆಯವರು. ಅವನದ್ದು ಹೌದಾ?"

ಮೀನಿನ ಲೋಳೆ ಇನ್ನೂ ಅಂಟಿತ್ತು. ನಾನು ಕೈಗೆ ತೆಗೆದುಕೊಂಡು, ತಿರುಗಿಸಿ, ಸೆರಗಿನಲ್ಲಿ ಒರೆಸಿ ನೋಡಿದೆ. ಅಷ್ಟು ಜನರ ಕಣ್ಣು ನನ್ನ ಮೇಲಿತ್ತು. ಅಲ್ಲ ಎಂದಿದ್ದರೆ ಆ ಸಂಜೆಯೂ ನಿಮ್ಮ ಎಲೆ ಹಾಕುತ್ತಿದ್ದರು. ಮಾವ ಮತ್ತೆ ಮಡಕೆ ಹೂಳುತ್ತಿದ್ದರು.

ಹೌದು, ಅವರದ್ದೇ, ಎಂದೆ.

ಆಗ ಅತ್ತೆ ಎದೆ ಬಡಿದುಕೊಂಡು ಕೂಗಿದರು. ಅಷ್ಟು ವರ್ಷ ತಡೆದಿಟ್ಟ ಕೂಗು. ಅದು ಸುಳ್ಳು ಕೂಗಲ್ಲ, ಅದನ್ನು ನೀವು ತಿಳಿಯಬೇಕು. ಉಂಗುರ ಯಾವುದಾದರೂ ಇರಲಿ, ಕೂಗು ನಿಜವಾಗಿಯೇ ಇತ್ತು. ಹಟ್ಟಿಯ ದನಗಳು ಎದ್ದು ನಿಂತವು.

ಆ ಸಂಜೆ ನಿಮ್ಮ ಜಾಗದಲ್ಲಿ ಎಲೆ ಹಾಕಲಿಲ್ಲ.

ಬೈಹುಲ್ಲಿನ ಗೊಂಬೆ ಕಟ್ಟಿ, ನೀವು ಬಿಟ್ಟುಹೋದ ನೀಲಿ ಅಂಗಿ ಹಾಕಿ, ತೋಟದ ಬದಿಯಲ್ಲಿ ಸುಟ್ಟರು. ಗೊಂಬೆಯ ಕೈಗೆ ಆ ಉಂಗುರ ಕಟ್ಟಿದ್ದರು. ಸೌದೆಗೆ ಮಾವ ದೋಣಿಯನ್ನು ಕಡಿದರು. ಬೇರೆಯವರು ಕೊಡಲಿ ಕೇಳಿದರೂ ಕೊಡದೆ ಒಬ್ಬರೇ ಕಡಿದರು. ಮೊದಲು ತುದಿ, ಆಮೇಲೆ ಕೂರುವ ಜಾಗ. ನೀರು ಕುಡಿದ ಮರವಾದ್ದರಿಂದ ಬೇಗ ಹತ್ತಲಿಲ್ಲ, ಕಣ್ಣು ಬಿಡಲಾಗದಷ್ಟು ಹೊಗೆ ಬಂತು. ನೀವು ಕೇಳಿದ ಪ್ರಶ್ನೆಗೆ ಉತ್ತರ ಇದು. ದೋಣಿ ಇಲ್ಲ. ಬೂದಿಯಲ್ಲಿ ಸಿಕ್ಕ ಉಂಗುರವನ್ನು ಮಾವ ಬೂದಿಯೊಂದಿಗೇ ಕಯಕ್ಕೆ ಬಿಟ್ಟರು.

ಬೊಜ್ಜದ ದಿನ ನಿಮ್ಮನ್ನು ಹಿರಿಯರ ಜೊತೆ ಸೇರಿಸಿದೆವು. ಒಳಗಿನ ಕೋಣೆಯಲ್ಲಿ ಎಲೆ ಹಾಕಿ, ಕೋಳಿ, ಕಳ್ಳು, ನಿಮಗೆ ಇಷ್ಟವಾದ ಕೆಸುವಿನ ಪತ್ರೊಡೆ ಬಡಿಸಿದೆವು. ಉಪ್ಪು ಹಾಕಿ ಒಣಗಿಸಿಟ್ಟಿದ್ದ ಪೆರುವೋಳಿನ ಒಂದು ತುಂಡನ್ನೂ ಸಾರು ಮಾಡಿ ಇಟ್ಟರು. ಬಾಗಿಲು ಹಾಕಿ ಎಲ್ಲರೂ ಹೊರಗೆ ನಿಂತೆವು. ಸತ್ತವರು ಬಂದು ಉಂಡು ಹೋಗುವಷ್ಟು ಹೊತ್ತು. ನಾನು ಬಾಗಿಲಿಗೆ ಬೆನ್ನು ಮಾಡಿ ನಿಂತು, ಈಗ ಸಂಪಾಜೆಯಲ್ಲಿ ನೀವು ಯಾರಿಗೆ ಚಾ ಕೊಡುತ್ತಿರಬಹುದು ಎಂದು ಯೋಚಿಸಿದೆ. ಆಮೇಲೆ ನಾವೂ ಉಂಡೆವು. ಅಷ್ಟು ವರ್ಷಗಳ ಮೇಲೆ ಮನೆಯಲ್ಲಿ ಹೊಳೆಯ ಮೀನು. ರುಚಿಯಾಗಿತ್ತು.

ಆ ದಿನ ಕೈತೊಳೆಯುವಾಗ ಮಾವನ ಹತ್ತಿರ ಯಾರೂ ಇರಲಿಲ್ಲ. ನಾನು ಚೊಂಬಿನಿಂದ ನೀರು ಹೊಯ್ಯುತ್ತಿದ್ದೆ. ಬಾಳೆಮೀನು ಆಗಿದ್ದರೆ ಡೊಂಬಯ್ಯ ಮಾವ ಬಾಯಿ ಹಾಕುತ್ತಿರಲಿಲ್ಲ, ಎಂದೆ. ಅಷ್ಟು ಹೇಳುವ ಧೈರ್ಯ ಎಲ್ಲಿಂದ ಬಂತೋ ತಿಳಿಯದು. ಮಾವ ಕೈ ಒಡ್ಡಿಕೊಂಡೇ ಇದ್ದರು. ನೀರು ಮುಗಿದರೂ ಒಡ್ಡಿಕೊಂಡಿದ್ದರು.

"ಹೌದು, ಬಾಳೆಮೀನು ಆಗ್ತಿತ್ತು," ಎಂದರು. "ಆದ್ರೆ ಅದರ ಬಾಯಿಗೆ ಅವನನ್ನು ಕೊಡ್ಲಿಕ್ಕೆ ನನಗೆ ಮನಸ್ಸು ಬರ್ಲಿಲ್ಲ ಮಗಳೇ. ಸುಳ್ಳಿಗೆ ಕೂಡ ಬರ್ಲಿಲ್ಲ. ಪೆರುವೋಳು ಹಣ್ಣು ತಿನ್ನುವಂಥದ್ದು."

ಇದಕ್ಕಿಂತ ಹೆಚ್ಚು ನಾವು ಮಾತಾಡಿಲ್ಲ, ಇನ್ನು ಆಡುವುದೂ ಇಲ್ಲ.

ಬರುವ ಗುರುವಾರ ಚನಿಯಪ್ಪ ನಾಲ್ಕು ಜನರೊಂದಿಗೆ ಬಂದು ನನ್ನನ್ನು ಪೆರಾಬೆಗೆ ಕರೆದುಕೊಂಡು ಹೋಗುತ್ತಾರೆ. ಅತ್ತೆಯೇ ಸೀರೆ ತೆಗೆದಿಟ್ಟಿದ್ದಾರೆ. ಮಳೆ ಹಿಡಿಯುವ ಮೊದಲು ಆಗಬೇಕಲ್ಲ.

ಇದನ್ನು ಅಂಚೆಗೆ ಹಾಕುವ ಹಾಗಿಲ್ಲ. ನಿಮ್ಮ ಬೊಜ್ಜದಲ್ಲಿ ಉಂಡು ಹೋದ ಅಂಚೆಯವರೇ ಇದಕ್ಕೆ ಮುದ್ರೆ ಒತ್ತಬೇಕಾದೀತು. ಮೂಸಕುಂಞಿ ಬ್ಯಾರಿ ನಾಳೆ ಲಾರಿಯಲ್ಲಿ ಹೋಗುವವರಿದ್ದಾರೆ, ತಂದು ಕೊಡುತ್ತಾರೆ. ಉತ್ತರ ಬೇಡ. ಎಂದಾದರೂ ಈ ಕಡೆ ಬರುವ ಮನಸ್ಸಾದರೆ ಒಂದನ್ನು ನೆನಪಿಟ್ಟುಕೊಳ್ಳಿ: ಈ ಮನೆಯಲ್ಲಿ ನಿಮಗೆ ಊಟ ಉಂಟು, ವರ್ಷಕ್ಕೊಮ್ಮೆ, ಒಳಗಿನ ಕೋಣೆಯಲ್ಲಿ, ಬಾಗಿಲು ಹಾಕಿದ ಮೇಲೆ. ಹಗಲು ಅಂಗಳಕ್ಕೆ ಕಾಲಿಟ್ಟರೆ ನಿಮ್ಮ ಅಮ್ಮ ಇನ್ನೊಮ್ಮೆ ಕೂಗಬೇಕಾಗುತ್ತದೆ. ಅವರಲ್ಲಿ ಅಷ್ಟು ಉಸಿರು ಉಳಿದಿಲ್ಲ.

ಮಗುವಿನ ಹೆಸರೇನೆಂದು ಬ್ಯಾರಿ ಕೇಳಿಕೊಂಡು ಬರಲಿಲ್ಲ. ಅದು ಚೆನ್ನಾಗಿರಲಿ.

ಇತಿ,
ದಮಯಂತಿ

ತಾ.ಕ.: ಕಾಗದವನ್ನು ಜೋಪಾನವಾಗಿ ಬಿಡಿಸಿ, ಮಡಿಕೆಯಲ್ಲಿ ನಿಮ್ಮ ಉಂಗುರ ಇದೆ. ನೀವು ಹೋದ ಬೆಳಿಗ್ಗೆ ಗಂಜಿಗೆ ಹಾಕಲು ಉಪ್ಪಿನ ಮರಿಗೆಗೆ ಕೈ ಹಾಕಿದಾಗ ಸಿಕ್ಕಿತು. ಅಂದಿನಿಂದ ನನ್ನ ಪೆಟ್ಟಿಗೆಯ ತಳದಲ್ಲಿತ್ತು. ಪೆರಾಬೆಗೆ ಕೊಂಡುಹೋಗುವುದು ಸರಿಯಲ್ಲ. ಮಾವ ಮೊನ್ನೆ ಬೆರಳಿನ ಬಟ್ಟೆ ಬಿಚ್ಚಿದರು. ಗಂಟಲಿನ ಹಲ್ಲು ಗೀರಿದ ಗಾಯ ಒಣಗಿದೆ. ಅದರ ಕೆಳಗೆ ಇಷ್ಟು ವರ್ಷ ಅವರ ಉಂಗುರ ಇದ್ದ ಜಾಗ ಬೆಳ್ಳಗೆ ಕಾಣುತ್ತದೆ. ಅತ್ತೆ ದಿನವೂ ಅದಕ್ಕೆ ಎಣ್ಣೆ ಹಚ್ಚುತ್ತಾರೆ, ಏನೂ ಕೇಳುವುದಿಲ್ಲ.